ಎಡಕ್ಕೆ ಚುಕ್ಕೆ, ಬಲಕ್ಕೆ ಗೆರೆ: ಹಾಸನಕ್ಕೆ ಬಂದ ಜರ್ಮನ್ ಮೀಟರು

ಹಾಸನಕ್ಕೆ ವಿಮಾನ ಬರುವ ಮೊದಲೇ ವಿಮಾನ ಇಳಿಸುವ ಮೀಟರು ಬಂತು ಎಂದು ನಮ್ಮ ಬೀದಿಯಲ್ಲಿ ನಗುತ್ತಿದ್ದಾರೆ. ನಗಲಿ. ಭುವನಹಳ್ಳಿಯ ವಿಮಾನ ನಿಲ್ದಾಣದ ಸುದ್ದಿ ಓದುತ್ತಲೇ ನನ್ನ ತಲೆ ನರೆತಿದೆ. ಇನ್ನು ಕಾಯುವುದೇಕೆ ಎಂದು ಎ.ಎಫ್.ಎನ್. 2 ತರಿಸಿಕೊಂಡೆ. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ವಿಮಾನಗಳಲ್ಲಿ ಚಾಲಕನ ಎದುರಿನ ಹಲಗೆಯಲ್ಲಿ ಕೂರುತ್ತಿದ್ದ ಉಪಕರಣ ಇದು. ಮೋಡವೋ ಮಂಜೋ ಕವಿದು ನೆಲ ಕಾಣದಿದ್ದಾಗ ಓಡುಹಾದಿ (ರನ್‌ವೇ) ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೇಳುವುದು ಇದರ ಕೆಲಸ. ಮಾರಿದವರಿಗೆ ಕೊಟ್ಟದ್ದು 165 ಯೂರೋ. ಅಂಚೆ, ಸುಂಕ ಎಲ್ಲ ಸೇರಿ ಕೈಬಿಟ್ಟದ್ದು ಅದರ ಒಂದೂವರೆ ಪಟ್ಟು. ಆ ಹಣಕ್ಕೆ ಮಿಕ್ಸಿ, ಗ್ರೈಂಡರ್ ಎರಡೂ ಬರುತ್ತಿದ್ದವು ಎಂಬ ಲೆಕ್ಕ ಮನೆಯಲ್ಲಿ ಈಗಾಗಲೇ ಆಗಿದೆ, ಓದುಗರು ಮತ್ತೆ ಮಾಡುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಇಂಥ ಹುಚ್ಚು ಸುಮ್ಮನೆ ಹಿಡಿಯುವುದಿಲ್ಲ. ನಾನು ವಾಯುಪಡೆಯಲ್ಲಿ ರೇಡಿಯೊ ಫಿಟ್ಟರ್ ಆಗಿದ್ದವನು. ಜಾಲಹಳ್ಳಿಯಲ್ಲಿ ಕಲಿತು, ಉತ್ತರದ ಒಂದು ವಾಯುನೆಲೆಯಲ್ಲಿ ಆರು ಚಳಿಗಾಲ ಐ.ಎಲ್.ಎಸ್. ಉಪಕರಣವನ್ನು, ಅಂದರೆ ನೆಲ ಕಾಣದಿದ್ದಾಗ ರೇಡಿಯೊ ಅಲೆಯಿಂದ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆಯನ್ನು, ಕಾದಿದ್ದೇನೆ. ಜನವರಿ ತಿಂಗಳ ಅಲ್ಲಿನ ಮಂಜಿನಲ್ಲಿ ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ವಿಮಾನದ ಸದ್ದು ತಲೆಯ ಮೇಲೆ ಬರುತ್ತಿತ್ತು, ವಿಮಾನ ಕಾಣುತ್ತಿರಲಿಲ್ಲ, ಸ್ವಲ್ಪ ಹೊತ್ತಿಗೆ ಚಕ್ರ ನೆಲಕ್ಕೆ ತಗುಲಿದ ಸದ್ದು ಕೇಳುತ್ತಿತ್ತು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಸಂಗೀತ ಇರಲಿಲ್ಲ. ಆ ಐ.ಎಲ್.ಎಸ್.ಗೆ ಅಜ್ಜ ಎನ್ನಬಹುದಾದದ್ದು ಬರ್ಲಿನ್ನಿನ ಲೊರೆಂಜ್ ಕಂಪನಿಯ ಕುರುಡಿಳಿತದ ವ್ಯವಸ್ಥೆ. ಎರ್ನ್‌ಸ್ಟ್ ಕ್ರಾಮರ್ ಎಂಬ ಎಂಜಿನಿಯರ್ 1932ರಲ್ಲಿ ಅದರ ಕೆಲಸ ಹಿಡಿದರು. 1934ರ ಹೊತ್ತಿಗೆ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ ಅದನ್ನು ಒಪ್ಪಿಕೊಂಡಿತ್ತು, ಆಮೇಲೆ ಬೇರೆ ಬೇರೆ ದೇಶಗಳ ವಿಮಾನ ನಿಲ್ದಾಣಗಳೂ ಕೊಂಡವು. ತರಬೇತಿಯಲ್ಲಿ ನಮಗೆ ಈ ಅಜ್ಜನ ಬಗ್ಗೆ ಅರ್ಧ ಪುಟ ಹೇಳಿಕೊಟ್ಟಿದ್ದರು. ಉಳಿದದ್ದನ್ನು ನಿವೃತ್ತಿಯ ನಂತರ ನಾನೇ ಓದಿಕೊಂಡೆ.

ಮಾರಿದವರ ಬಗ್ಗೆ ಮೊದಲು. ಜರ್ಮನಿಯ ಒಬ್ಬ ಹಳೆಯ ರೇಡಿಯೊ ಸಾಮಾನಿನ ವ್ಯಾಪಾರಿ, ಹೆಸರು ಬೇಡ. ಕಟ್ಟಿ ಕಳಿಸಿದ ರೀತಿಗೆ ಪೂರ್ಣ ಅಂಕ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಸ್ಪಂಜು, ಅದರೊಳಗೆ ಪತ್ರಿಕೆಯ ಹಾಳೆ, ಅದರೊಳಗೆ ಎಣ್ಣೆ ಕಾಗದ. ಬಿಚ್ಚುವಾಗ ಮದುವೆಯ ಉಡುಗೊರೆಯಲ್ಲಿ ತಮಾಷೆಗೆ ಕಲ್ಲು ಸುತ್ತಿಕೊಡುವುದು ನೆನಪಾಯಿತು. ಆದರೆ ‘ಪರೀಕ್ಷಿಸಲಾಗಿದೆ, ಸರಿಯಾಗಿ ಕೆಲಸ ಮಾಡುತ್ತದೆ’ ಎಂದು ಬರೆದದ್ದು ಮುಕ್ಕಾಲು ಸುಳ್ಳು. ಹಿಂಬದಿಯ ಪಿನ್ನುಗಳಿಗೆ ಕೂರುವ ಪ್ಲಗ್ಗು ಇರಲಿಲ್ಲ. ಕೇಳಿದರೆ ಅದು ಬೇರೆ ವಸ್ತು, ಅದಕ್ಕೆ 55 ಯೂರೋ ಎಂಬ ಉತ್ತರ. ಬೀಗ ಮಾರಿ ಬೀಗದ ಕೈಗೆ ಬೇರೆ ಬೆಲೆ ಹೇಳಿದ ಹಾಗೆ. ನಾನು ಹಳೆಯ ವಾಲ್ವ್ ಸಾಕೆಟ್ಟೊಂದನ್ನು ಒಡೆದು ಅದರ ಹಿತ್ತಾಳೆಯ ಕ್ಲಿಪ್ಪುಗಳನ್ನು ಪಿನ್ನುಗಳಿಗೆ ಹಾಕಿಕೊಂಡೆ. ಬೆಸುಗೆ ಹಾಕಲಿಲ್ಲ. ಎಂಬತ್ತು ವರ್ಷ ದಾಟಿದ ಪಿನ್ನಿಗೆ ಕಾದ ಕಬ್ಬಿಣ ಮುಟ್ಟಿಸುವವರಿಗೆ ಕ್ಷಮೆ ಇಲ್ಲ.

ಪಾರ್ಸಲ್ ದಾರಿಯಲ್ಲಿ ಒಂದು ಕಡೆ ಹದಿನೆಂಟು ದಿನ ಕುಳಿತಿತು. ಎಲ್ಲಿ ಎಂದು ಹೇಳುವುದಿಲ್ಲ. ಚೀಟಿಯ ಮೇಲೆ ‘ವಿಮಾನದ ಉಪಕರಣ’ ಎಂದು ವ್ಯಾಪಾರಿ ಬರೆದದ್ದೇ ತಪ್ಪಾಯಿತು. ‘ಹಳೆಯ ಮೀಟರು, ಸಂಗ್ರಹಕ್ಕೆ’ ಎಂದು ಬರೆಸಿದ್ದರೆ ಸಾಕಿತ್ತು. ತರಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ವಸ್ತು. ಅಂಗೈಯಲ್ಲಿ ಕೂರುವ ಗುಂಡು ಮುಖದ ಕಪ್ಪು ಡಬ್ಬಿ. ಹಿಂದಿನ ತಗಡಿನಲ್ಲಿ ತಯಾರಕರ ಹೆಸರಿಲ್ಲ, ಯುದ್ಧಕಾಲದ ಗುಪ್ತಸಂಕೇತದ ಮೂರು ಅಕ್ಷರಗಳಿವೆ. ಮುಖದಲ್ಲಿ ಎರಡು ಮುಳ್ಳು. ಒಂದು ನೆಟ್ಟಗೆ ನಿಂತದ್ದು, ಎಡ ಬಲಕ್ಕೆ ಆಡುತ್ತದೆ: ದಾರಿ ತಪ್ಪಿದ್ದನ್ನು ತೋರಿಸಲು. ಇನ್ನೊಂದು ಅಡ್ಡಕ್ಕಿದ್ದು ಮೇಲೆ ಕೆಳಗೆ ಆಡುತ್ತದೆ: ಅಲೆಯ ಬಲ ಎಷ್ಟಿದೆ, ಅಂದರೆ ನಿಲ್ದಾಣ ಹತ್ತಿರವಾಯಿತೇ ಎಂದು ತೋರಿಸಲು. ಜೊತೆಗೆ ಒಂದು ಪುಟ್ಟ ನಿಯಾನ್ ದೀಪ. ನಿಲ್ದಾಣಕ್ಕೆ ಮೂರು ಕಿಲೋಮೀಟರು ಇರುವಾಗ ಒಂದು, ಮುನ್ನೂರು ಮೀಟರು ಇರುವಾಗ ಇನ್ನೊಂದು ಗುರುತಿನ ಪ್ರಸಾರಕ ನೆಲದಿಂದ ಮೇಲಕ್ಕೆ ಕಿರಣ ಬಿಡುತ್ತಿದ್ದವು. ಅವುಗಳ ಮೇಲೆ ಹಾರಿದಾಗ ಈ ದೀಪ ಮಿನುಗುತ್ತಿತ್ತು. ಮೊದಲನೆಯದರ ಸ್ವರ 700 ಹರ್ಟ್ಸ್, ಎರಡನೆಯದು ಕೀರಲು, 1700. ನಾನು ಕಾದ ಐ.ಎಲ್.ಎಸ್.ನಲ್ಲೂ ಇದೇ ಉಪಾಯ ಇತ್ತು, ಸ್ವರ 400 ಮತ್ತು 1300, ದೀಪ ನೀಲಿ ಮತ್ತು ಹಳದಿ. ಅಜ್ಜನ ಮೂಗು ಮೊಮ್ಮಗನಿಗೆ ಬಂದ ಹಾಗೆ ಇದೂ ಬಂದಿದೆ.

ಡಬ್ಬಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಓಲಿಸಿದರೆ ಅಡ್ಡಮುಳ್ಳು ರೇಷ್ಮೆಯಂತೆ ಚಲಿಸಿತು. ನೆಟ್ಟಮುಳ್ಳು ಎಡಕ್ಕೆ ಹೋದದ್ದು ಅಲ್ಲೇ ನಿಂತಿತು. ಉಗುರಿನಿಂದ ಗಾಜಿಗೆ ತಟ್ಟಿದರೆ ಮರಳುತ್ತದೆ, ಇಲ್ಲವಾದರೆ ಇಲ್ಲ. ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ನನಗೆ ಪರಿಚಯದ ಒಬ್ಬ ಗಡಿಯಾರ ರಿಪೇರಿಯವರಿದ್ದಾರೆ. ಎಚ್‌ಎಂಟಿ ಗಡಿಯಾರಗಳ ಹೊಟ್ಟೆ ನೋಡುತ್ತಲೇ ವಯಸ್ಸಾದವರು. ಅವರ ಬಳಿಗೆ ಒಯ್ದೆ. ಕಣ್ಣಿಗೆ ಮಸೂರ ಸಿಕ್ಕಿಸಿ ಗಾಜಿನ ಮೂಲಕ ನೋಡಿದರು. ಮುಳ್ಳಿನ ಮೇಲೂ ಗುರುತುಗಳ ಮೇಲೂ ಇದ್ದ, ಒಣಗಿದ ಅರಿಶಿನದ ಬಣ್ಣಕ್ಕೆ ತಿರುಗಿದ್ದ ಲೇಪವನ್ನು ನೋಡಿದ ಕೂಡಲೇ ಮಸೂರ ಕೆಳಗಿಟ್ಟು, “ಇದನ್ನು ನಾನು ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ” ಎಂದರು. ಕತ್ತಲಲ್ಲಿ ಹೊಳೆಯಲು ಆ ಕಾಲದಲ್ಲಿ ಹಚ್ಚುತ್ತಿದ್ದ ರೇಡಿಯಂ ಬಣ್ಣ ಎಂಬುದು ಅವರ ಅನುಮಾನ. ನನ್ನ ಸ್ನೇಹಿತರೊಬ್ಬರು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರ ಪ್ರಯೋಗಾಲಯದ ಗೈಗರ್ ಕೌಂಟರ್ ಹತ್ತಿರ ತಂದದ್ದೇ ತಡ, ಬಾಣಲೆಗೆ ಸಾಸಿವೆ ಬಿದ್ದಂತೆ ಚಟಪಟ ಎಂದಿತು. ಗಾಜಿನಿಂದ ಒಂದು ಮೊಳ ಹಿಂದಕ್ಕೆ ಸರಿಸಿದರೆ ಸದ್ದು ಬಹುಮಟ್ಟಿಗೆ ಅಡಗಿತು.

ಕೊಳ್ಳುವವರು ಇದೊಂದನ್ನು ಗಮನವಿಟ್ಟು ಓದಬೇಕು. ಇಂಥ ಮೀಟರು ಈಗ ಕತ್ತಲಲ್ಲಿ ಹೊಳೆಯುವುದಿಲ್ಲ. ಹೊಳೆಯುವುದಿಲ್ಲ ಎಂದರೆ ರೇಡಿಯಂ ಸತ್ತಿದೆ ಎಂದಲ್ಲ. ಸತ್ತಿರುವುದು ಅದರ ಏಟು ತಿಂದು ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಭದ್ರವಾಗಿದ್ದು ಕಪಾಟಿನಲ್ಲಿ ಇಟ್ಟರೆ ಚಿಂತೆಯಿಲ್ಲ. ಗಾಜು ತೆಗೆದು ಕೆರೆದರೆ ಉದುರುವ ಪುಡಿ ಉಸಿರಿನಲ್ಲಿ ಹೋಗುತ್ತದೆ, ಅಪಾಯ ಅಲ್ಲಿದೆ. ಆದ್ದರಿಂದ ನನ್ನ ಮುಳ್ಳು ಎಡಕ್ಕೆ ಅಂಟಿಕೊಂಡೇ ಇದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಮುಳ್ಳು ಹೀಗಾದ ಮೇಲೆ ವಸ್ತು ವ್ಯರ್ಥವಾಯಿತೇ? ನಾನೂ ಮೂರು ದಿನ ಹಾಗೆಂದೇ ಮುಖ ಊದಿಸಿಕೊಂಡಿದ್ದೆ. ಆಮೇಲೆ ಹೊಳೆದದ್ದು: ಲೊರೆಂಜ್ ವ್ಯವಸ್ಥೆಯಲ್ಲಿ ಮುಳ್ಳು ಎರಡನೆಯ ಸಾಕ್ಷಿ. ಮೊದಲನೆಯ ಸಾಕ್ಷಿ ಕಿವಿ.

ಮಂಜು ಕವಿದ ಬೆಳಗ್ಗೆ ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಲಕನಿಗೆ ಹಿಂದೇನೂ ಕಾಣುವುದಿಲ್ಲ. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಾನೆ. ಚಿಕ್ಕ ಚಿಕ್ಕ ಊದಿಗೆ ಬಸ್ಸು ಬರುತ್ತದೆ, ಒಂದು ಉದ್ದ ಊದಿಗೆ ನಿಲ್ಲುತ್ತದೆ. ಚಾಲಕ ಕನ್ನಡಿಯನ್ನೂ ನೋಡುತ್ತಿರುತ್ತಾನೆ, ಆದರೆ ನಂಬುವುದು ಸೀಟಿಯನ್ನು. ಲೊರೆಂಜ್‌ನವರು ಹೀಗೆ ಊದುವ ಇಬ್ಬರು ಕಂಡಕ್ಟರ್‌ಗಳನ್ನು ಓಡುಹಾದಿಯ ಕೊನೆಯಲ್ಲಿ ನಿಲ್ಲಿಸಿದರು ಎಂದುಕೊಳ್ಳಿ. ಒಬ್ಬ ಎಡಕ್ಕೆ ಮುಖ ಮಾಡಿ ಸೆಕೆಂಡಿನ ಎಂಟನೆಯ ಒಂದು ಪಾಲು ಮಾತ್ರ ಊದುತ್ತಾನೆ, ಅದು ಚುಕ್ಕೆ. ಅವನು ಸುಮ್ಮನಾದ ಕೂಡಲೇ ಇನ್ನೊಬ್ಬ ಬಲಕ್ಕೆ ಮುಖ ಮಾಡಿ ಉಳಿದ ಏಳು ಪಾಲು ಊದುತ್ತಾನೆ, ಅದು ಗೆರೆ. ಇಬ್ಬರ ಸ್ವರವೂ ಒಂದೇ, 1150 ಹರ್ಟ್ಸ್. ಎಡಕ್ಕೆ ಸರಿದ ವಿಮಾನಕ್ಕೆ ಚುಕ್ಕೆ ಜೋರಾಗಿ ಕೇಳುತ್ತದೆ, ಬಲಕ್ಕೆ ಸರಿದದ್ದಕ್ಕೆ ಗೆರೆ. ಸರಿಯಾಗಿ ನಡುವೆ ಬಂದವನಿಗೆ ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ. ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ, ಒಂದೇ ಎಳೆಯ ನಾದ.

ನಿಜದಲ್ಲಿ ಅಲ್ಲಿ ಇಬ್ಬರು ಇರಲಿಲ್ಲ ಎಂಬುದು ಇನ್ನೂ ಚೆಂದ. ಪ್ರಸಾರಕ ಒಂದೇ, ನಡುವಿನ ಆಂಟೆನಾ ಸದಾ ಅಲೆ ಬಿಡುತ್ತಲೇ ಇರುತ್ತದೆ. ಅದರ ಎರಡು ಪಕ್ಕಗಳಲ್ಲಿ ನಿಂತ ಎರಡು ಕಂಬಿಗಳನ್ನು ರಿಲೇಗಳು ಸರದಿಯಲ್ಲಿ ಆಯಾ ಕಂಬಿಯ ನಟ್ಟನಡುವೆ ಕೂಡಿಸಿ ಬಿಡಿಸುತ್ತವೆ. ಕೂಡಿದ ಕಂಬಿ ಪ್ರತಿಫಲಕವಾಗಿ ಅಲೆಯನ್ನು ಆಚೆ ಪಕ್ಕಕ್ಕೆ ತಳ್ಳುತ್ತದೆ. ಅಷ್ಟೇ. ಪ್ರಸಾರಕವನ್ನು ಆರಿಸಿ ಹಚ್ಚುವ ರಗಳೆಯೇ ಇಲ್ಲ. ಕಡಿಮೆ ಸಾಮಾನಿನಲ್ಲಿ ಹೆಚ್ಚು ಕೆಲಸ ತೆಗೆಯುವವನೇ ಎಂಜಿನಿಯರ್ ಎನ್ನುವುದಾದರೆ ಕ್ರಾಮರ್ ಅವರಿಗೆ ದೊಡ್ಡ ನಮಸ್ಕಾರ.

ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಒಂದು ಡಬ್ಬಿ ಮಾಡಿಸಿದೆ. ಬಿಡಿಭಾಗಗಳಿಗೆ 900 ರೂಪಾಯಿ, ಅವನಿಗೆ ಎರಡು ಸಂಜೆ ಕಾಫಿ ಮತ್ತು ಕೋಡುಬಳೆ. ಒಂದು ಗುಂಡಿ ತಿರುಗಿಸಿದರೆ ‘ವಿಮಾನ’ ಎಡಕ್ಕೋ ಬಲಕ್ಕೋ ಸರಿಯುತ್ತದೆ, ಚಿಕ್ಕ ಸ್ಪೀಕರಿನಲ್ಲಿ ಚುಕ್ಕೆ ಗೆರೆ ಕೇಳುತ್ತದೆ, ಅದೇ ತಾಳಕ್ಕೆ ಮೀಟರಿನ ಮುಳ್ಳು ಚಿಮ್ಮುತ್ತದೆ. ಚಿಮ್ಮುತ್ತದೆ ಎಂಬುದನ್ನು ಗಮನಿಸಿ. ಈಗಿನ ಐ.ಎಲ್.ಎಸ್. ಮುಳ್ಳಿನಂತೆ ಇದು ಒಂದು ಕಡೆ ವಾಲಿ ನಿಲ್ಲುವುದಿಲ್ಲ; ಸೆಕೆಂಡಿಗೊಮ್ಮೆ, ಯಾರೋ ಪಕ್ಕೆಗೆ ತಿವಿದಂತೆ, ಒಂದು ಕಡೆಗೆ ಎಗರಿ ಮರಳುತ್ತದೆ. ನಡುವೆ ಬಂದಾಗ ಸುಮ್ಮನಾಗುತ್ತದೆ.

ಮೊದಲ ಸಂಜೆ ನಾನು ಮುಳ್ಳನ್ನೇ ನೋಡುತ್ತಾ ಗುಂಡಿ ತಿರುಗಿಸುತ್ತಿದ್ದೆ. ಎಡಕ್ಕೆ ಎಗರಿತು, ಅಂಟಿತು, ಗಾಜು ತಟ್ಟಿದೆ, ಮರಳಿತು, ಮತ್ತೆ ತಿರುಗಿಸಿದೆ. ಅಡುಗೆ ಮನೆಯಿಂದ ಹೆಂಡತಿಯ ದನಿ ಬಂತು: “ಈಗ ಸೇರಿತು. ಅಯ್ಯೋ, ಮತ್ತೆ ಬಿಟ್ಟಿರಿ. ಸ್ವಲ್ಪ ಹಿಂದಕ್ಕೆ ಬನ್ನಿ. ಹಾಂ, ಅಲ್ಲೇ.” ಅವಳು ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ನನ್ನ ಮೀಟರನ್ನು ಅವಳು ನೋಡಿಯೂ ಇರಲಿಲ್ಲ, ಒಗ್ಗರಣೆ ಹಾಕುತ್ತಿದ್ದಳು. ತಂಬೂರಿಯ ಎರಡು ತಂತಿಗಳು ಒಂದಾದಾಗ ನಡುವಿನ ತೂಗಾಟ ನಿಲ್ಲುತ್ತದಲ್ಲ, ಅದೇ ಕಿವಿಯಿಂದ ಕೇಳಿ ಹೇಳಿದಳು. ಗುಂಡಿಯ ಅಡಿಯಲ್ಲಿ ನಾನು ಅಂಟಿಸಿದ್ದ ಡಿಗ್ರಿ ಕಾಗದ ನೋಡಿದೆ. ಸೊನ್ನೆಗೆ ಕೂದಲೆಳೆಯಷ್ಟು ಅಂತರ. ನಾನು ಮುಳ್ಳು ನೋಡಿ ಹಿಡಿದ ‘ನಡು’ ಅದಕ್ಕಿಂತ ನಾಲ್ಕು ಗೆರೆ ಎಡಕ್ಕಿತ್ತು. ವಾಯುಪಡೆಯ ಹಳೆಯ ಫಿಟ್ಟರಿಗೆ ಅಡುಗೆ ಮನೆಯಿಂದ ಆದ ಅವಮಾನವನ್ನು ಇಲ್ಲಿ ದಾಖಲಿಸುವುದು ನನ್ನ ಪ್ರಾಮಾಣಿಕತೆ.

ಆದರೆ ಈ ಮೀಟರಿನ ವಿಮರ್ಶೆಯನ್ನು ಮಂಜು, ಇಳಿತ, ನಾದ ಎಂದು ಮುಗಿಸಿದರೆ ಅದು ಅರ್ಧ ಸತ್ಯ. ನನ್ನ ಕಪಾಟಿನಲ್ಲಿರುವುದು ಯುದ್ಧಕಾಲದ ತುಣುಕು, ಅದು ಪ್ರಯಾಣಿಕರನ್ನು ಮನೆಗೆ ತಲುಪಿಸಿದ್ದಕ್ಕಿಂತ ಬೇರೆ ಕೆಲಸ ಮಾಡಿರುವ ಸಾಧ್ಯತೆಯೇ ಹೆಚ್ಚು. 1940ರಲ್ಲಿ ಜರ್ಮನ್ನರು ಇದೇ ಚುಕ್ಕೆ ಗೆರೆಯ ಕಿರಣವನ್ನು ತಿರುಗಿಸಿ ಇಂಗ್ಲೆಂಡಿನ ಊರುಗಳ ಮೇಲೆ ಹಾಯಿಸಿದರು. ಹೆಸರು ಕ್ನಿಕೆಬೈನ್, ಅಂದರೆ ಸೊಟ್ಟಗಾಲು. ಕ್ಲೇವೆಯಲ್ಲೂ ಉತ್ತರ ಜರ್ಮನಿಯ ಶ್ಟೋಲ್‌ಬರ್ಗ್‌ನಲ್ಲೂ ವೃತ್ತಾಕಾರದ ಹಳಿಯ ಮೇಲೆ ತಿರುಗುವ ಭಾರಿ ಆಂಟೆನಾಗಳನ್ನು ನಿಲ್ಲಿಸಿದರು. ಒಂದು ಕಿರಣದ ಮೇಲೆ ಬಾಂಬರ್ ಹಾರಬೇಕು, ಇನ್ನೊಂದು ಕಿರಣ ಅದನ್ನು ಕತ್ತರಿಸಿದಲ್ಲಿ ಬಾಂಬು ಹಾಕಬೇಕು. ವಿಮಾನಕ್ಕೆ ಹೊಸ ಉಪಕರಣ ಬೇಕಾಗಲೇ ಇಲ್ಲ, ಕುರುಡಿಳಿತಕ್ಕೆಂದು ಇದ್ದ ರಿಸೀವರ್ ಸಾಕಾಯಿತು. ಕೆಡವಿದ ಒಂದು ಹೈಂಕೆಲ್ 111 ವಿಮಾನದ ಆ ರಿಸೀವರನ್ನು ಪರೀಕ್ಷಿಸಿದ ಬ್ರಿಟಿಷ್ ಎಂಜಿನಿಯರ್, ನೆಲಕ್ಕಿಳಿಯಲು ಬೇಕಾಗುವುದಕ್ಕಿಂತ ಇದರ ಸೂಕ್ಷ್ಮತೆ ಬಹಳ ಹೆಚ್ಚಾಗಿದೆ ಎಂದು ಆರ್.ವಿ. ಜೋನ್ಸ್ ಎಂಬ ಯುವ ಭೌತವಿಜ್ಞಾನಿಗೆ ಹೇಳಿದ. ಗುಟ್ಟು ಬಿಟ್ಟದ್ದು ಅಲ್ಲಿ. 1940ರ ಜೂನ್ 21ರ ರಾತ್ರಿ ಬ್ರಿಟಿಷರ ಒಂದು ಆನ್ಸನ್ ವಿಮಾನ ಅಮೆರಿಕದ ಹ್ಯಾಲಿಕ್ರಾಫ್ಟರ್ಸ್ ರಿಸೀವರ್ ಹೊತ್ತು ಹುಡುಕಲು ಹೊರಟಿತು. ಹವ್ಯಾಸಿ ರೇಡಿಯೊದವರು ಬಳಸುವ ಪೆಟ್ಟಿಗೆ! ಸ್ಪಾಲ್ಡಿಂಗ್ ಪಟ್ಟಣದ ದಕ್ಷಿಣಕ್ಕೆ ಸುಮಾರು ಒಂದು ಮೈಲಿಯಲ್ಲಿ, 31.5 ಮೆಗಾಹರ್ಟ್ಸ್‌ನಲ್ಲಿ, 400ರಿಂದ 500 ಗಜ ಅಗಲದ ಕಿರಣ ಸಿಕ್ಕಿತು. ದಕ್ಷಿಣಕ್ಕೆ ಚುಕ್ಕೆ, ಉತ್ತರಕ್ಕೆ ಗೆರೆ. ಬ್ರಿಟಿಷರು ಈ ಕಿರಣಕ್ಕೆ ‘ತಲೆನೋವು’ ಎಂದೂ ಅದನ್ನು ಕೆಡಿಸುವ ಪ್ರಸಾರಕ್ಕೆ ‘ಆಸ್ಪಿರಿನ್’ ಎಂದೂ ಗುಪ್ತನಾಮ ಇಟ್ಟುಕೊಂಡರು.

ಮುಂದಿನ ಕತೆಯನ್ನು ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಸೊಟ್ಟಗಾಲಿನ ನಂತರ ಎಕ್ಸ್ ಗೆರೇಟ್ ಎಂಬ ಇನ್ನೂ ನಿಖರವಾದ ಕಿರಣ ಬಂತು, ಇನ್ನೂ ಮೇಲಿನ ಕಂಪನಾಂಕದಲ್ಲಿ. ಬ್ರಿಟಿಷರು ಅದನ್ನು ಕೆಡಿಸಲು ಸುಳ್ಳು ಚುಕ್ಕೆ ಗೆರೆಗಳನ್ನು ಬಿಟ್ಟರು, ಆದರೆ 1500 ಹರ್ಟ್ಸ್ ಸ್ವರದಲ್ಲಿ. ಜರ್ಮನ್ ಸ್ವರ 2000. ಅವರ ರಿಸೀವರಿನಲ್ಲಿ 2000ವನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ಇತ್ತು. ಆ ನವೆಂಬರ್ ಮೊದಲ ವಾರದಲ್ಲಿ ಇಂಗ್ಲೆಂಡಿನ ತೆಂಕಣ ಕರಾವಳಿಯಲ್ಲಿ ಬಿದ್ದ ಹೈಂಕೆಲ್ ವಿಮಾನದ ಉಪಕರಣವನ್ನು ನೋಡಿದ ಮೇಲೆ ಈ ತಪ್ಪು ತಿಳಿಯಿತು; ಅಷ್ಟರಲ್ಲಿ ನವೆಂಬರ್ 14ರ ರಾತ್ರಿ ಬಂದುಹೋಗಿತ್ತು. ಕಾವೆಂಟ್ರಿ ನಗರ ಉರಿಯಿತು, ಐನೂರಕ್ಕೂ ಹೆಚ್ಚು ಜನ ಸತ್ತರು. “ಸಾವಿರದೈನೂರಕ್ಕೆ ಎರಡು ಸಾವಿರ ಅಂದರೆ ಮೂರಕ್ಕೆ ನಾಲ್ಕು” ಎಂದಳು ಅವಳು. “ಅದು ಷಡ್ಜಕ್ಕೆ ಶುದ್ಧ ಮಧ್ಯಮ. ನಾನು ಹೇಳಿಕೊಡುವ ಏಳು ವರ್ಷದ ಮಕ್ಕಳೂ ತಪ್ಪುವುದಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ಕೇಳುವವರು ಯಾರೂ ಇರಲಿಲ್ಲವೇ?” ಸ್ವರ ಸರಿಯಿದ್ದಿದ್ದರೂ ಆ ರಾತ್ರಿ ತಪ್ಪುತ್ತಿತ್ತೋ ಇಲ್ಲವೋ ಎಂಬ ವಾದ ಬೇರೆಯೇ ಇದೆ ಎಂದು ನಾನು ಹೇಳಹೊರಟೆ. ಅವಳು ಒಲೆ ಕಡೆ ತಿರುಗಿಬಿಟ್ಟಳು.

ಕೊಳ್ಳುವವರಿಗೆ ಇನ್ನೆರಡು ಮಾತು. ಮೀಟರಿನ ಸುರುಳಿ ಬಹಳ ನಾಜೂಕು. ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿಟ್ಟು ಚುಚ್ಚಿ ನೋಡುವ ಚಾಳಿ ಇದ್ದರೆ ಬಿಟ್ಟುಬಿಡಿ. ಮುಳ್ಳು ಒಮ್ಮೆ ಗೋಡೆಗೆ ಬಡಿದು ಮತ್ತೆ ಏಳದಿರಬಹುದು. ಒಂದು ಟಾರ್ಚ್ ಸೆಲ್ಲಿಗೆ ಒಂದು ಮೆಗಾಓಂ ರೋಧಕ ಸೇರಿಸಿ ಆರಂಭಿಸಿ, ಮುಳ್ಳು ಅಲುಗಾಡುವವರೆಗೆ ರೋಧಕವನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ. ನಿಯಾನ್ ದೀಪಕ್ಕೆ ಸೆಲ್ಲು ಸಾಲದು, ಹತ್ತಿರ ಹತ್ತಿರ ತೊಂಬತ್ತು ವೋಲ್ಟ್ ಬೇಕಾಗಬಹುದು, ಕೈ ಜೋಪಾನ. ರಿಸೀವರ್ ಸಮೇತ ಪೂರ್ತಿ ಜೋಡಿ ಮಾರಾಟಕ್ಕೆ ಬಂದರೆ ನನಗೆ ತಿಳಿಸದೆ ನೀವೇ ಕೊಂಡುಬಿಡಿ, ನನ್ನ ಮನೆಯಲ್ಲಿ ಮತ್ತೆ ಗ್ರೈಂಡರಿನ ಮಾತು ಏಳುವುದು ಬೇಡ.

ಅಂಕ ಕೇಳುವವರಿಗೆ: ವ್ಯಾಪಾರಿಗೆ ಐದಕ್ಕೆ ಎರಡು, ಅದೂ ಪೊಟ್ಟಣ ಕಟ್ಟಿದ್ದಕ್ಕೆ. ಮೀಟರಿಗೆ ಮೂರು. ಪಕ್ಕದ ಮನೆಯ ಹುಡುಗನ ಡಬ್ಬಿಗೆ ಐದು. ಈಗ ಅದು ಹೆಂಡತಿಯ ಪಾಠದ ಕೋಣೆಗೆ ಹೋಗಿದೆ. ಹೊಸದಾಗಿ ಸೇರಿದ ಮಕ್ಕಳಿಗೆ ಕಣ್ಣು ಮುಚ್ಚಿಸಿ ಗುಂಡಿ ಕೊಡುತ್ತಾಳೆ, ನಾದ ಒಂದಾಗುವವರೆಗೆ ತಿರುಗಿಸಬೇಕು. ಮೀಟರು ಮಾತ್ರ ನನ್ನ ಕಪಾಟಿನಲ್ಲೇ ಇದೆ. ನಿನ್ನೆ ಜಡಿಮಳೆ, ಮುಳ್ಳು ಬೆಳಗಿನಿಂದ ಎಡಕ್ಕೇ ಇತ್ತು, ನಾನೂ ತಟ್ಟಲಿಲ್ಲ.